ಮೊದಲು ಹಿಮ, ಆಮೇಲೆ ನಗರ: ಶಿರಸಿ–ಕಾರವಾರದವರಿಗೆ ಮಾರ್ಚ್ ತಿಂಗಳ ಜಪಾನ್ ಪ್ರವಾಸದ ಸಿದ್ಧತೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಕೊಯ್ಲು ಮುಗಿದು, ಸುಲಿದು ಒಣಗಿಸಿದ್ದು ಸೊಸೈಟಿ ಸೇರಿದ ಮೇಲೆ ತೋಟದವರಿಗೆ ಸಿಗುವ ಬಿಡುವು ಮಾರ್ಚ್ ತಿಂಗಳಿನದು. ಕಾರವಾರ, ಅಂಕೋಲಾ, ಕುಮಟೆಯಲ್ಲಿ ಆ ಹೊತ್ತಿಗೆ ಸೆಕೆ ಏರತೊಡಗಿರುತ್ತದೆ. ಇದೇ ತಿಂಗಳಲ್ಲಿ ಹಿಮದ ಹಳ್ಳಿಯನ್ನೂ ದೊಡ್ಡ ನಗರವನ್ನೂ ಒಂದೇ ಪ್ರವಾಸದಲ್ಲಿ ನೋಡಬೇಕೆನ್ನುವವರಿಗೆ ಜಪಾನಿನ ನಡುಭಾಗ ಅನುಕೂಲವಾದದ್ದು. ನಾನು, ಹೆಂಡತಿ, ಎಪ್ಪತ್ತು ದಾಟಿದ ಅಪ್ಪ ಹತ್ತು ದಿನ ಹೋಗಿ ಬಂದ ಅನುಭವದ ಮೇಲೆ, ಯಾವುದನ್ನು ಯಾವಾಗ ಗೊತ್ತುಮಾಡಿಕೊಳ್ಳಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದದ್ದು ಕ್ರಮ. ಗಿಫು ಪ್ರಾಂತ್ಯದ ಶಿರಾಕಾವಾಗೊ ಹಳ್ಳಿಯಲ್ಲಿ ಮಾರ್ಚ್ ಮಧ್ಯದವರೆಗೆ ಗದ್ದೆಯ ಮೇಲೂ ಸೂರಿನ ಮೇಲೂ ಸಾಮಾನ್ಯವಾಗಿ ಹಿಮ ಇರುತ್ತದೆ. ತಿಂಗಳು ಮುಗಿಯುವಷ್ಟರಲ್ಲಿ ಅದು ನೆರಳಿನ ಮೂಲೆಗಳಿಗೆ ಸರಿಯುತ್ತದೆ. ಟೋಕಿಯೋದಲ್ಲಿ ಚೆರ್ರಿ ಹೂ ಬಿರಿಯುವುದು ಬಹುಮಟ್ಟಿಗೆ ಮಾರ್ಚ್ ಕೊನೆಯ ವಾರದಲ್ಲಿ. ಒಂದು ದಿನದಿನಕ್ಕೂ ಕರಗುತ್ತಿದ್ದರೆ ಇನ್ನೊಂದು ಅರಳಲು ಸಿದ್ಧವಾಗುತ್ತಿರುತ್ತದೆ. ಆದ್ದರಿಂದ ಟೋಕಿಯೋದಲ್ಲಿ ಇಳಿದರೂ ಅಲ್ಲಿ ಒಂದೇ ರಾತ್ರಿ ತಂಗಿ, ನೇರವಾಗಿ ಹಿಮದ ಕಡೆಗೆ ಹೊರಟು, ನಗರವನ್ನು ಕೊನೆಯ ಮೂರು–ನಾಲ್ಕು ದಿನಗಳಿಗೆ ಇಟ್ಟುಕೊಳ್ಳುವುದು ಸರಿಯಾದ ದಾರಿ. ಮಾರ್ಚ್ 14ರಿಂದ 25ರ ಒಳಗೆ ಹೀಗೆ ಹೊಂದಿಸಿಕೊಂಡರೆ ಎರಡೂ ಸಿಗುವ ಸಂಭವವಿದೆ, ಎರಡಕ್ಕೂ ಖಾತ್ರಿಯಿಲ್ಲ. ಒಂದನ್ನೇ ಆರಿಸಬೇಕೆಂದರೆ ನಾನು ಇನ್ನೊಂದು ವಾರ ಮೊದಲೇ ಹೊರಡುತ್ತೇನೆ. ಹೂವಿಗೆ ನಮ್ಮಲ್ಲಿ ಬರವಿಲ್ಲ, ಹಿಮವನ್ನು ಅಪ್ಪ ಕಂಡೇ ಇರಲಿಲ್ಲ.

ದಿನಾಂಕದ ವಿಷಯದಲ್ಲಿ ಇನ್ನೂ ಕೆಲವು ಸಂಗತಿಗಳಿವೆ. ಮಾರ್ಚ್ 20ರ ಆಸುಪಾಸಿನ ವಸಂತ ವಿಷುವ ದಿನ ಜಪಾನಿನಲ್ಲಿ ರಾಷ್ಟ್ರೀಯ ರಜೆ, ಅದರ ಬೆನ್ನಿಗೇ ಶಾಲೆಗಳ ರಜೆಯೂ ಬರುವುದರಿಂದ ತಿಂಗಳ ಕೊನೆಯಲ್ಲಿ ಕೋಣೆಗಳ ಬಾಡಿಗೆ ಏರುತ್ತದೆ. ಚಿತ್ರಗಳಲ್ಲಿ ಕಾಣುವ, ಬಸ್ಸಿನ ಎರಡೂ ಬದಿಗೆ ಎತ್ತರದ ಹಿಮದ ಗೋಡೆಯಿರುವ ತತೆಯಾಮಾ ರಸ್ತೆ ತೆರೆಯುವುದು ಏಪ್ರಿಲ್ ಮಧ್ಯದಲ್ಲಿ. ಅದನ್ನು ಮಾರ್ಚ್ ಪಟ್ಟಿಗೆ ಸೇರಿಸಿಕೊಂಡು ಹೋದವರು ನಿರಾಶರಾಗುತ್ತಾರೆ. ನಮ್ಮ ಕಡೆಯದನ್ನೂ ನೋಡಿಕೊಳ್ಳಿ: ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ ಇದೇ ಸುಮಾರಿಗೆ ಬೀಳುತ್ತದೆ, ಮನೆಯಲ್ಲಿ ಹತ್ತನೇ ತರಗತಿಯ ಮಕ್ಕಳಿದ್ದರಂತೂ ಆ ವರ್ಷ ಹೊರಡುವ ಮಾತೇ ಇಲ್ಲ.

ಕಾಗದಪತ್ರದ ಕೆಲಸವನ್ನು ಮೂರು ತಿಂಗಳ ಮೊದಲು ಆರಂಭಿಸಿದರೆ ಸಾಕಾಗುತ್ತದೆ. ಭಾರತದಲ್ಲಿ ವಾಸಿಸುವವರಿಗೆ 2024ರ ಏಪ್ರಿಲ್‌ನಿಂದ ಜಪಾನಿನ ಇ–ವೀಸಾ ಸಿಗುತ್ತಿದ್ದು, ಅರ್ಜಿಯನ್ನು ವೀಸಾ ಕಾಗದಪತ್ರ ಸ್ವೀಕರಿಸುವ ವಿಎಫ್‌ಎಸ್ ಕೇಂದ್ರದ ಮೂಲಕ ಸಲ್ಲಿಸಬೇಕು. ನಮ್ಮವರಿಗೆ ಅದು ಬೆಂಗಳೂರು. ವಿಮಾನದ ಬುಕಿಂಗ್, ಯಾವ ದಿನ ಯಾವ ಊರಿನಲ್ಲಿ ತಂಗುತ್ತೀರಿ ಎಂಬ ದಿನವಹಿ ವಿವರ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್ ಕೇಳುತ್ತಾರೆ. ಅಡಿಕೆ ಬೆಳೆಗಾರರು ತೊಡಕಿಗೆ ಸಿಕ್ಕುವುದು ಈ ಕೊನೆಯದರಲ್ಲಿ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲದ ಕಾರಣ ಎಷ್ಟೋ ಜನ ರಿಟರ್ನ್ ತುಂಬಿಯೇ ಇರುವುದಿಲ್ಲ. ಅಪ್ಪನ ಅರ್ಜಿಯ ಜೊತೆ ನಾವು ಪಹಣಿ, ಸೊಸೈಟಿಯಲ್ಲಿ ಅಡಿಕೆ ಮಾರಿದ ಪಟ್ಟಿ, ಆ ಹಣ ಜಮೆಯಾದದ್ದು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಇದನ್ನೆಲ್ಲ ಒಂದು ಪುಟದಲ್ಲಿ ವಿವರಿಸುವ ಪತ್ರ ಇಟ್ಟೆವು, ವೀಸಾ ಬಂತು. ವೀಸಾ ಮಂಜೂರಾದ ಸೂಚನೆಯನ್ನು ಇಂಟರ್ನೆಟ್ ಸಂಪರ್ಕವಿರುವ ಫೋನಿನಲ್ಲೇ ತೆರೆದು ತೋರಿಸಬೇಕು, ಮುದ್ರಿಸಿದ ಪ್ರತಿ ಸಾಲದು ಎಂಬುದನ್ನು ಹಿರಿಯರಿಗೆ ಮೊದಲೇ ಹೇಳಿಟ್ಟಿರಿ.

ಪ್ರಯಾಣದ ಮೊದಲ ಕೊಂಡಿ ಬೆಂಗಳೂರು. ಕಾರವಾರದವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಶಿರಸಿಯವರಿಗೆ ರಾತ್ರಿ ಬಸ್ಸೇ ಗತಿ. ವಿಮಾನದ ಹಿಂದಿನ ಬೆಳಿಗ್ಗೆಯೇ ಬೆಂಗಳೂರು ತಲುಪಿ. ಘಟ್ಟದಲ್ಲಿ ಒಂದು ಲಾರಿ ಅಡ್ಡ ನಿಂತರೆ ಮುಂದಿನದೆಲ್ಲ ಕೆಡುತ್ತದೆ. ಟೋಕಿಯೋದ ನರಿತಾ ನಿಲ್ದಾಣಕ್ಕೆ ನೇರವಾಗಿಯೂ ಸಿಂಗಪುರ ಅಥವಾ ಬ್ಯಾಂಕಾಕ್‌ನಲ್ಲಿ ವಿಮಾನ ಬದಲಿಸಿಯೂ ಹೋಗಬಹುದು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ.

ಟೋಕಿಯೋದಲ್ಲಿ ಎಲ್ಲಿ ತಂಗಬೇಕೆಂದು ಕೇಳಿದರೆ ನನ್ನ ಉತ್ತರ ಉಎನೊ ಬಡಾವಣೆ. ನರಿತಾದಿಂದ ಸ್ಕೈಲೈನರ್ ರೈಲು ಅಲ್ಲಿಗೆ ಬರುತ್ತದೆ, ಹಿಮದ ಕಡೆ ಹೋಗುವ ಹೊಕುರಿಕು ಶಿಂಕಾನ್‌ಸೆನ್ ಎಂಬ ಅತಿವೇಗದ ರೈಲು ಅಲ್ಲಿ ನಿಲ್ಲುತ್ತದೆ, ಹೂ ಅರಳಿದರೆ ನೋಡುವ ಉದ್ಯಾನವೂ ಅಲ್ಲೇ ಇದೆ. ಮರುದಿನ ಬೆಳಿಗ್ಗೆ ಆ ರೈಲಿನಲ್ಲಿ ಎರಡೂವರೆ–ಮೂರು ಗಂಟೆಯಲ್ಲಿ ಕನಜಾವಾ ತಲುಪಿ ಎರಡು ರಾತ್ರಿ ಇರಿ. ಅಲ್ಲಿಂದ ಬಸ್ಸಿನಲ್ಲಿ ಸುಮಾರು ಒಂದೂಕಾಲು ಗಂಟೆಯ ದಾರಿ ಶಿರಾಕಾವಾಗೊ, ಅಲ್ಲೊಂದು ರಾತ್ರಿ. ಮತ್ತೆ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ತಕಯಾಮಾ, ಅಲ್ಲಿ ಎರಡು ರಾತ್ರಿ. ಬಳಿಕ ಹಿದಾ ರೈಲಿನಲ್ಲಿ ನಗೋಯಾಕ್ಕೆ ಇಳಿದು, ಶಿಂಕಾನ್‌ಸೆನ್ ಹಿಡಿದು ಟೋಕಿಯೋಕ್ಕೆ ಮರಳಬಹುದು. ಹೋದ ದಾರಿಯಲ್ಲಿ ವಾಪಸು ಬರುವ ಕೆಲಸವಿಲ್ಲ. ಮರಳುವಾಗ ‘ಇ’ ಸಾಲಿನ ಆಸನ ಕೇಳಿ ಪಡೆಯಿರಿ. ಮೋಡವಿಲ್ಲದಿದ್ದರೆ ಎಡಗಡೆಗೆ ಫ್ಯೂಜಿ ಪರ್ವತ ಕಾಣುತ್ತದೆ.

ಜಪಾನ್ ರೈಲ್ವೆಯಲ್ಲಿ ಗೊತ್ತಾದಷ್ಟು ದಿನ ಓಡಾಡಲು ಪ್ರವಾಸಿಗರಿಗೆ ಸಿಗುವ ಜೆಆರ್ ಪಾಸ್ ಕೊಳ್ಳಬೇಕೇ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ. ಏಳು ದಿನದ ಪಾಸಿನ ಬೆಲೆ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಮೇಲಿನ ಸುತ್ತಿಗೆ ಬಿಡಿ ಟಿಕೆಟ್ ಕೊಂಡರೆ ಕನಜಾವಾಕ್ಕೆ ಸುಮಾರು 14,000, ಎರಡು ಬಸ್ಸಿಗೆ ಸೇರಿ ಐದಾರು ಸಾವಿರ, ನಗೋಯಾಕ್ಕೆ ಆರು ಸಾವಿರದ ಹತ್ತಿರ, ಅಲ್ಲಿಂದ ಟೋಕಿಯೋಕ್ಕೆ ಹನ್ನೊಂದು ಸಾವಿರದಷ್ಟು, ಅಂದರೆ ಒಟ್ಟು 37,000 ಯೆನ್ ಆಸುಪಾಸು. ಆ ಎರಡು ಬಸ್ಸುಗಳು ಪಾಸಿಗೆ ಒಳಪಡುವುದೂ ಇಲ್ಲ. ಹಳೆಯ ಬೆಲೆಯ ಕಾಲದಲ್ಲಿ ಹೋಗಿಬಂದವರು “ಪಾಸ್ ಮಾಡಿಸಿಬಿಡಿ” ಎಂದು ಹೇಳಿದರೆ ನಂಬಬೇಡಿ.

ನಾವು ಎಡವಿದ್ದು ಬಸ್ಸಿನ ವಿಷಯದಲ್ಲಿ. ಶಿರಾಕಾವಾಗೊದ ಬಸ್ಸುಗಳಲ್ಲಿ ಹೆಚ್ಚಿನವಕ್ಕೆ ಮುಂಗಡ ಕಾಯ್ದಿರಿಸಬೇಕು, ಟಿಕೆಟ್ ಸುಮಾರು ಒಂದು ತಿಂಗಳ ಮೊದಲು ತೆರೆಯುತ್ತದೆ. ಶಿರಸಿಯಿಂದ ಕುಮಟೆಗೆ ಹೋಗುವ ಹಾಗೆ ನಿಲ್ದಾಣಕ್ಕೆ ಹೋಗಿ ಹತ್ತಿದರಾಯಿತು ಎಂದು ನಾನು ಉದಾಸೀನ ಮಾಡಿದೆ. ಕನಜಾವಾದಲ್ಲಿ ವಿಚಾರಿಸಿದಾಗ ಬೆಳಗಿನ ಬಸ್ಸುಗಳೆಲ್ಲ ತುಂಬಿದ್ದವು, ಹಳ್ಳಿ ತಲುಪುವಾಗ ಮಧ್ಯಾಹ್ನ ಮೂರು ದಾಟಿತ್ತು. ನಿಂತು ಪ್ರಯಾಣ ಮಾಡುವ ಪದ್ಧತಿ ಆ ಬಸ್ಸುಗಳಲ್ಲಿಲ್ಲ.

ಆದರೂ ಅಲ್ಲಿ ಒಂದು ರಾತ್ರಿ ಉಳಿಯಲೇಬೇಕು. ಹಗಲಿನ ಪ್ರವಾಸಿಗರು ಸಂಜೆಗೆ ಬಸ್ ಹತ್ತಿ ಹೋದ ಮೇಲೆ ಊರು ತನ್ನ ಪಾಡಿಗೆ ತಾನಿರುತ್ತದೆ. ಗಾಶ್ಶೋ ಎಂದು ಕರೆಯುವ ಇಲ್ಲಿನ ಮನೆಗಳ ಮಾಡು ನಮಸ್ಕಾರಕ್ಕೆ ಕೈ ಜೋಡಿಸಿದಂತೆ ಕಡಿದಾಗಿದೆ. ಯುನೆಸ್ಕೊ 1995ರಲ್ಲಿ ಈ ಹಳ್ಳಿಯನ್ನೂ ನೆರೆಯ ಗೊಕಯಾಮಾವನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಪ್ಪ ಹಿಮ ನೋಡಿದ್ದು ಐದು ನಿಮಿಷ, ಮಾಡು ನೋಡಿದ್ದು ಒಂದು ತಾಸು. ಅವರ ಬಾಲ್ಯದಲ್ಲಿ ನಮ್ಮ ಮನೆಯೂ ಸೋಗೆಯದು, ವರ್ಷವರ್ಷವೂ ಮಳೆಗಾಲಕ್ಕೆ ಮೊದಲು ಹೊಸದಾಗಿ ಹೊದಿಸಬೇಕಿತ್ತು. ಇಲ್ಲಿ ಹುಲ್ಲಿನ ಹೊದಿಕೆ ಮೂವತ್ತು–ನಲವತ್ತು ವರ್ಷ ಬರುತ್ತದೆ, ಏಕೆಂದರೆ ಅದರ ದಪ್ಪವೂ ಹೆಚ್ಚು, ಕೆಳಗಿನ ಇರೋರಿ ಒಲೆಯ ಹೊಗೆ ಅಟ್ಟದ ಮೂಲಕ ಏರಿ ಹುಲ್ಲಿಗೆ ಹುಳು ಬೀಳದಂತೆಯೂ ಕಾಯುತ್ತದೆ. ಮಾಡಿನ ಮರಗಳನ್ನು ಮೊಳೆ ಹೊಡೆಯದೆ ಹುಲ್ಲಿನ ಹಗ್ಗದಿಂದಲೂ ಬಾಗುವ ಎಳೆಯ ಮರದಿಂದಲೂ ಬಿಗಿದಿದ್ದಾರೆ. ಹೊದಿಸುವ ದಿನ ಊರಿನವರೆಲ್ಲ ಬಂದು ಕೈಗೂಡಿಸುವ ಪದ್ಧತಿಗೆ ಅವರಲ್ಲಿ ‘ಯುಇ’ ಎಂಬ ಹೆಸರಿದೆ. ಅಪ್ಪ, “ಮುಯ್ಯಾಳು ಅನ್ನು, ಅದೇ” ಎಂದರು. ವಾದಾ ಮನೆತನದ ದೊಡ್ಡ ಮನೆಯನ್ನು ಒಳಗೆ ಹೋಗಿ ನೋಡಲು ಬಿಡುತ್ತಾರೆ. ಒಂದು ಕಾಲದಲ್ಲಿ ರೇಷ್ಮೆ ಹುಳು ಸಾಕುತ್ತಿದ್ದ ಅಟ್ಟವನ್ನು ಹತ್ತದೆ ಬರಬೇಡಿ. ಇಡೀ ಊರು ಹುಲ್ಲಿನದಾದ್ದರಿಂದ ಬೆಂಕಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬೀಡಿ–ಸಿಗರೇಟಿನವರು ಇದನ್ನು ಗಮನದಲ್ಲಿಡಬೇಕು.

ಹಿಮದ ಮೇಲೆ ನಡೆಯುವುದು ನಮಗೆ ಹೊಸದೆಂದು ಹೆದರಬೇಕಿಲ್ಲ. ಆಷಾಢದಲ್ಲಿ ಹಾವಸೆ ಕಟ್ಟಿದ ಅಂಗಳವನ್ನು, ಸೋಗೆ ಹಾಸದ ಜಾಗದಲ್ಲಿ ಹೇಗೆ ದಾಟುತ್ತೇವೋ ಹಾಗೆಯೇ ಇಡೀ ಪಾದವನ್ನು ಒಟ್ಟಿಗೆ ಊರಿ, ಚಿಕ್ಕ ಹೆಜ್ಜೆ ಇಟ್ಟು, ಕೈಗಳನ್ನು ಜೇಬಿನಿಂದ ಹೊರಗಿಟ್ಟುಕೊಂಡು ನಡೆಯಬೇಕು. ಕಾಲು ಜಾರಿಸುವುದು ಮೆತ್ತಗಿನ ಹಿಮವಲ್ಲ. ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿ, ಬೆಳಿಗ್ಗೆ ಬರಿಯ ಒದ್ದೆ ನೆಲದಂತೆ ಕಾಣುವ ತೆಳು ಪದರ. ಮಧ್ಯಾಹ್ನ ಅದೇ ಜಾಗ ರಾಡಿಯಾಗಿ ಬೂಟಿನೊಳಗೆ ಇಳಿಯುತ್ತದೆ. ಆದ್ದರಿಂದ ಭಾರೀ ಕೋಟಿಗಿಂತ ನೀರು ಹೋಗದ, ಅಡಿಯಲ್ಲಿ ಹಿಡಿತವಿರುವ ಬೂಟಿಗೆ ಹೆಚ್ಚು ಖರ್ಚು ಮಾಡಿ. ಮನೆ, ವಸತಿಗೃಹ, ದೇವಾಲಯಗಳಲ್ಲಿ ಮತ್ತೆ ಮತ್ತೆ ಕಳಚಬೇಕಾದ್ದರಿಂದ ಅದು ಸುಲಭವಾಗಿ ಬಿಚ್ಚುವಂತಿರಲಿ, ಕಾಲುಚೀಲ ಹರಿಯದಿರಲಿ. ಬಟ್ಟೆ ಪದರಪದರವಾಗಿರಬೇಕು: ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ–ನೀರು ತಡೆಯುವ ಜಾಕೆಟ್. ತಕಯಾಮಾದಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುವುದುಂಟು, ಟೋಕಿಯೋದ ಹಗಲು 14 ಡಿಗ್ರಿಯ ಸುತ್ತಮುತ್ತ ಇರುತ್ತದೆ. ಒಂದೊಂದೇ ಪದರ ಕಳಚುತ್ತಾ ಬಂದರೆ ಎರಡಕ್ಕೂ ಅದೇ ಬಟ್ಟೆ ಸಾಲುತ್ತದೆ. ದೊಡ್ಡ ಸೂಟ್‌ಕೇಸನ್ನು ಹಳ್ಳಿಗೆ ಎಳೆದೊಯ್ಯದೆ, ತಕ್ಯೂಬಿನ್ ಎಂಬ ಸಾಮಾನು ಸಾಗಣೆ ಸೇವೆಯ ಮೂಲಕ ಕನಜಾವಾದ ಹೋಟೆಲಿನಿಂದ ತಕಯಾಮಾದ ಹೋಟೆಲಿಗೆ ಮುಂಚಿತವಾಗಿ ಕಳುಹಿಸಿಬಿಡಿ.

ಊಟದ ಮಾತು ಕಾರವಾರದವರಿಗೂ ಶಿರಸಿಯವರಿಗೂ ಒಂದೇ ಅಲ್ಲ. ಮೀನು ತಿನ್ನುವವರಿಗೆ ಕನಜಾವಾದ ಓಮಿಚೊ ಮಾರುಕಟ್ಟೆಯೇ ಒಂದು ದಿನದ ಕಾರ್ಯಕ್ರಮ. ಸಸ್ಯಾಹಾರಿಗಳು ತಿಳಿದಿರಬೇಕಾದದ್ದು ‘ದಶಿ’ ಎಂಬ ಒಂದು ಪದ: ತರಕಾರಿಯೇ ಕಾಣುವ ಸಾರಿನಲ್ಲೂ ಒಣಮೀನಿನ ಈ ತಿಳಿ ಬಹುತೇಕ ಇರುತ್ತದೆ. “ನಿಕು ಮೊ ಸಕನ ಮೊ ತಬೆಮಾಸೆನ್”, ಅಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ ಎಂಬುದನ್ನು, ದಶಿಯೂ ಬೇಡ ಎಂದು ಸೇರಿಸಿ, ಜಪಾನಿ ಲಿಪಿಯಲ್ಲಿ ಬರೆಸಿ ಇಟ್ಟುಕೊಳ್ಳಿ. ಹಳ್ಳಿಯ ಮನೆಯಲ್ಲಿ ತಂಗುವುದಾದರೆ ಕಾಯ್ದಿರಿಸುವಾಗಲೇ ತಿಳಿಸಬೇಕು. ಹೋದ ಮೇಲೆ ಹೇಳಿದರೆ ಅವರಿಗೂ ಸಂಕಟ, ನಮಗೂ ಉಪವಾಸ. ತಕಯಾಮಾದಲ್ಲಿ ‘ಶೋಜಿನ್ ರ್ಯೋರಿ’ ಎಂಬ ಬೌದ್ಧ ಮಠಗಳ ಸಸ್ಯಾಹಾರದ ಊಟ ಸಿಗುತ್ತದೆ, ದುಬಾರಿಯಾದರೂ ಒಮ್ಮೆ ಉಣ್ಣತಕ್ಕದ್ದು. ದಾರಿಗೆ ಉಮೆಬೋಶಿ ಇಟ್ಟ ಅನ್ನದ ಉಂಡೆ ಅಂಗಡಿಗಳಲ್ಲಿ ದೊರೆಯುತ್ತದೆ. ಉಪ್ಪಿನಲ್ಲಿಟ್ಟ ಆ ಹುಳಿಹಣ್ಣನ್ನು ಬಾಯಿಗಿಟ್ಟಾಗ ಹೆಂಡತಿಗೆ ಭರಣಿಯ ಅಪ್ಪೆಮಿಡಿ ನೆನಪಾಯಿತು. ಅವಲಕ್ಕಿ, ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ. ಮಾಂಸದ ಪದಾರ್ಥ, ಪ್ರಮಾಣಪತ್ರವಿಲ್ಲದ ಹಸಿ ಹಣ್ಣು–ತರಕಾರಿ–ಸೊಪ್ಪುಗಳನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಕರಿಬೇವೂ ಕವಳದ ಎಲೆಯೂ ಮನೆಯಲ್ಲೇ ಉಳಿಯಲಿ. ಸೂಡೋಎಫೆಡ್ರಿನ್ ಹೆಚ್ಚಿರುವ ನೆಗಡಿ ಮಾತ್ರೆಗಳಿಗೂ ಅಲ್ಲಿ ನಿಷೇಧವಿದೆ.

ಸಣ್ಣ ಊರುಗಳಲ್ಲಿ ನಗದು ಬೇಕಾಗುತ್ತದೆ, ಸೆವೆನ್–ಇಲೆವೆನ್ ಅಂಗಡಿಗಳ ಎಟಿಎಂನಲ್ಲಿ ನಮ್ಮ ಅಂತರರಾಷ್ಟ್ರೀಯ ಕಾರ್ಡು ನಡೆಯುತ್ತದೆ. ವಿದ್ಯುತ್ 100 ವೋಲ್ಟ್, ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ. ಅಡಾಪ್ಟರ್ ಇಲ್ಲಿಂದಲೇ ಕೊಂಡೊಯ್ಯಿರಿ.

ಹಳ್ಳಿಯಲ್ಲಿ ಹಿಮ ಕರಗಿಹೋಗಿದ್ದರೂ ದಾರಿಯಿದೆ. ತಕಯಾಮಾದಲ್ಲಿ ಇಟ್ಟುಕೊಂಡ ಎರಡನೆಯ ದಿನ ಅದಕ್ಕಾಗಿಯೇ. ಅಲ್ಲಿಂದ ಬಸ್ಸಿನಲ್ಲಿ ಹೋಗಬಹುದಾದ ಶಿನ್‌ಹೊತಾಕಾ ರೋಪ್‌ವೇಯ ಮೇಲಿನ ನಿಲ್ದಾಣ 2,156 ಮೀಟರ್ ಎತ್ತರದಲ್ಲಿದ್ದು, ಮಾರ್ಚ್ ಪೂರ್ತಿ ಹಿಮ ಇರುತ್ತದೆ. ಹಳ್ಳಿಯಲ್ಲೇ ಸಾಕಷ್ಟು ಸಿಕ್ಕಿದ್ದರೆ ಆ ದಿನವನ್ನು ತಕಯಾಮಾದ ಹಳೆಯ ಬೀದಿಗಳಿಗೂ ಹೊಳೆದಂಡೆಯ ಬೆಳಗಿನ ಸಂತೆಗೂ ಕೊಡಿ.

ನಗರಗಳ ಪೈಕಿ ಕನಜಾವಾದ ಕೆನ್ರೊಕುಎನ್ ಉದ್ಯಾನವನ್ನು ಮಾರ್ಚ್ ಮಧ್ಯದೊಳಗೆ ನೋಡಿದರೆ ಹಿಮದ ಭಾರಕ್ಕೆ ಪೈನ್ ಕೊಂಬೆಗಳು ಮುರಿಯದಂತೆ ಮೇಲಿನಿಂದ ಕೊಡೆಯ ಕಡ್ಡಿಗಳ ಹಾಗೆ ಇಳಿಬಿಟ್ಟು ಕಟ್ಟಿದ ಹಗ್ಗಗಳು ಇನ್ನೂ ಇರುತ್ತವೆ. ನವೆಂಬರ್ 1ರಿಂದ ಕಟ್ಟಲಾರಂಭಿಸುವ ಅವನ್ನು ಆ ಹೊತ್ತಿಗೆ ಬಿಚ್ಚತೊಡಗುತ್ತಾರೆ. ಟೋಕಿಯೋದಲ್ಲಿ ಎಲ್ಲವನ್ನೂ ನೋಡಲು ಹೊರಡುವುದು ವ್ಯರ್ಥ. ಒಂದು ದಿನ ಉಎನೊ ಮತ್ತು ಅಸಾಕುಸಾದ ಸೆನ್ಸೊಜಿ ದೇವಾಲಯ, ಒಂದು ದಿನ ಮೇಇಜಿ ಮಂದಿರ ಮತ್ತು ಶಿಬುಯಾ, ಒಂದು ದಿನ ಶಿಂಜುಕು ಗ್ಯೋಎನ್ ಉದ್ಯಾನ ಹಾಗೂ ಅದರ ಆಚೆಗಿನ ಮಹಾನಗರ ಸರ್ಕಾರದ ಕಟ್ಟಡ. ಆ ಕಟ್ಟಡದಲ್ಲಿ 202 ಮೀಟರ್ ಎತ್ತರದ ವೀಕ್ಷಣಾ ಮಹಡಿಗೆ ಪ್ರವೇಶಶುಲ್ಕವಿಲ್ಲ. ನಾವು ಅಲ್ಲಿಗೆ ಸಂಜೆ ಐದಕ್ಕೆ ಹತ್ತಿದೆವು. ದೀಪಗಳು ಹೊತ್ತಿಕೊಳ್ಳುವವರೆಗೂ ಅಪ್ಪ ಗಾಜಿನ ಪಕ್ಕ ನಿಂತು ಹೆಂಚಿನ ಮಾಡು ಎಲ್ಲಾದರೂ ಕಾಣುತ್ತದೆಯೇ ಎಂದು ಹುಡುಕುತ್ತಿದ್ದರು.