ಸೈನಿಕ ಕುಟುಂಬ ಸೇರಿ ಅಮೆರಿಕಕ್ಕೆ ಬರುವ ಕನ್ನಡಿಗರಿಗೆ: ವೃತ್ತಿ ಲೈಸೆನ್ಸ್ ಕೈತಪ್ಪದಿರಲಿ

ಅಮೆರಿಕದ ಸೈನ್ಯದಲ್ಲಿರುವವರನ್ನು ಮದುವೆಯಾಗಿ ಇಲ್ಲಿಗೆ ಬರುವ, ಅಥವಾ ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ತಾವೇ ಸೈನ್ಯಕ್ಕೆ ಸೇರುವ ಕನ್ನಡಿಗರು ಹೆಚ್ಚು ಮಂದಿ ಇಲ್ಲ. ಆದ್ದರಿಂದ ಎಚ್‌-1ಬಿ ವೀಸಾದ ಬಗ್ಗೆ ಕನ್ನಡ ಕೂಟದ ಊಟದ ಪಂಕ್ತಿಯಲ್ಲೇ ಸಿಗುವಂಥ ಸಲಹೆ ಇವರಿಗೆ ಸಿಗುವುದಿಲ್ಲ. ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಬಿ.ಎಡ್. ಓದಿ ಬಂದ ಹೆಣ್ಣುಮಕ್ಕಳು, ರಾಜ್ಯ ರಾಜ್ಯಕ್ಕೂ ಬೇರೆ ಲೈಸೆನ್ಸ್ ಬೇಕಾದ ಈ ದೇಶದಲ್ಲಿ, ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆಯಾಗುವ ಮನೆಯಲ್ಲಿ ಲೈಸೆನ್ಸ್ ಉಳಿಸಿಕೊಳ್ಳುವುದು ಆಗದ ಮಾತೆಂದು ತೀರ್ಮಾನಿಸಿ, ಕಷ್ಟಪಟ್ಟು ಕಲಿತ ವಿದ್ಯೆಯನ್ನೇ ಕೈಬಿಟ್ಟದ್ದನ್ನು ನಾನು ನೋಡಿದ್ದೇನೆ. ಆ ಕಾಲದಲ್ಲಿ ಅವರ ತೀರ್ಮಾನಕ್ಕೆ ಕಾರಣವಿತ್ತು. ಈಗ ಕಾನೂನು ಬದಲಾಗಿದೆ. ನಾನು ನರ್ಸ್, ನನ್ನ ಪತಿ ಸೈನ್ಯದಿಂದ ನಿವೃತ್ತರು, ನಮ್ಮ ಮನೆ ಈಗ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿದೆ. ಹೊಸದಾಗಿ ಬರುವವರು ಮೊದಲ ವರ್ಷದಲ್ಲೇ ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಸೈನಿಕ ಕುಟುಂಬಗಳಿಗೆ ಇಲ್ಲಿ ಸಿಗುವ ಅನುಕೂಲವೆಲ್ಲ ಅಮೆರಿಕದ ಯಾವುದಾದರೊಂದು ರಾಜ್ಯ ಕೊಟ್ಟ ಲೈಸೆನ್ಸ್‌ಗೆ ಮಾತ್ರ ಅನ್ವಯಿಸುತ್ತದೆ. ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ನ ನೋಂದಣಿಯನ್ನು ತೋರಿಸಿ, ‘ನನ್ನ ಪತಿ ಸೈನ್ಯದಲ್ಲಿದ್ದಾರೆ, ಇದನ್ನು ಮಾನ್ಯ ಮಾಡಿ’ ಎಂದರೆ ಲೈಸೆನ್ಸ್ ಕೊಡುವ ಯಾವ ರಾಜ್ಯದ ಮಂಡಳಿಯೂ ಒಪ್ಪುವುದಿಲ್ಲ. ಮೊದಲ ಲೈಸೆನ್ಸನ್ನು ಎಲ್ಲರಂತೆ ಪೂರ್ಣ ದಾರಿಯಲ್ಲೇ ಪಡೆಯಬೇಕು. ನರ್ಸ್‌ಗಳಾದರೆ ಪದವಿಯ ಮೌಲ್ಯಮಾಪನ, ಇಂಗ್ಲಿಷ್ ಪರೀಕ್ಷೆ, ನಂತರ ಎನ್‌ಕ್ಲೆಕ್ಸ್ ಎಂಬ ನರ್ಸ್ ಲೈಸೆನ್ಸ್ ಪರೀಕ್ಷೆ. ದಂತವೈದ್ಯರಾದರೆ ಇಲ್ಲಿನ ಕಾಲೇಜಿನಲ್ಲಿ ಮತ್ತೆ ಕೆಲವು ವರ್ಷದ ಓದು. ವೈದ್ಯರಾದರೆ ಯುಎಸ್‌ಎಂಎಲ್‌ಇ ಎಂಬ ವೈದ್ಯಕೀಯ ಲೈಸೆನ್ಸ್ ಪರೀಕ್ಷೆ ಮತ್ತು ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಮದುವೆ ನಿಶ್ಚಯವಾಗಿ ವೀಸಾಕ್ಕೆ ಕಾಯುತ್ತಿರುವ ತಿಂಗಳುಗಳನ್ನು ಅದಕ್ಕೆ ಕೊಟ್ಟರೆ, ಇಲ್ಲಿಗೆ ಬಂದ ಮೇಲೆ ಬಹಳಷ್ಟು ಸಮಯ ಉಳಿಯುತ್ತದೆ.

ಈ ಹಂತದಲ್ಲಿ ನಮ್ಮವರನ್ನು ಅತಿ ಹೆಚ್ಚು ಕಾಡುವುದು ಹೆಸರು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಂಕಪಟ್ಟಿಯಲ್ಲಿ ಹೆಸರು ಮತ್ತು ಎರಡು ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದೇ ಇನಿಷಿಯಲ್‌ಗಳು ಹೆಸರಿನ ಮುಂದೆ. ಪಾಸ್‌ಪೋರ್ಟ್‌ನಲ್ಲಿ ಅವನ್ನು ಬಿಡಿಸಿ ಬರೆದ ಊರಿನ ಹೆಸರು, ತಂದೆಯ ಹೆಸರು. ಮದುವೆಯ ನಂತರ ಸೈನ್ಯದ ದಾಖಲೆಯಲ್ಲಿ ಪತಿಯ ಕುಲನಾಮ. ಹೀಗೆ ಒಬ್ಬಳೇ ಹೆಣ್ಣುಮಗಳು ನಾಲ್ಕು ಕಾಗದಗಳಲ್ಲಿ ನಾಲ್ಕು ಜನರಂತೆ ಕಾಣುತ್ತಾಳೆ. ಊರಿನಲ್ಲಿ ಇದನ್ನು ಯಾರೂ ಪ್ರಶ್ನಿಸುವುದಿಲ್ಲ, ಏಕೆಂದರೆ ಎಚ್. ಆರ್. ಎಂದರೆ ಏನೆಂದು ಕೌಂಟರಿನಲ್ಲಿ ಕುಳಿತ ಗುಮಾಸ್ತರಿಗೂ ಗೊತ್ತು. ಇಲ್ಲಿನ ಮಂಡಳಿಯ ಕಂಪ್ಯೂಟರಿಗೆ ಅದು ಬೇರೆ ವ್ಯಕ್ತಿಯ ಹೆಸರು. ಕಡತ ಅಲ್ಲಿಗೇ ನಿಲ್ಲುತ್ತದೆ. ಈ ಎಲ್ಲ ಹೆಸರುಗಳೂ ಒಬ್ಬರದೇ ಎಂದು ಹೇಳುವ ನೋಟರಿ ಅಫಿಡವಿಟ್ ಒಂದನ್ನು ಹೊರಡುವ ಮುನ್ನವೇ ಮಾಡಿಸಿಕೊಳ್ಳಿ. ಮದುವೆಯನ್ನು ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಪ್ರಮಾಣಪತ್ರದಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರುವುದನ್ನು ಅಲ್ಲೇ ನಿಂತು ಅಕ್ಷರ ಅಕ್ಷರ ನೋಡಿಕೊಳ್ಳಿ. ಈ ಪ್ರಮಾಣಪತ್ರ ಕೇವಲ ವೀಸಾಕ್ಕೆ ಬೇಕಾದ ಕಾಗದವಲ್ಲ. ಮುಂದೆ ಪ್ರತಿ ವರ್ಗಾವಣೆಯಲ್ಲೂ ನಿಮ್ಮ ವೃತ್ತಿಯನ್ನು ಹೊಸ ರಾಜ್ಯಕ್ಕೆ ಒಯ್ಯುವುದು ಇದೇ.

ಮೊದಲ ಲೈಸೆನ್ಸ್ ಯಾವ ರಾಜ್ಯದ್ದು ಎಂಬುದೂ ಮುಖ್ಯ. ನರ್ಸ್‌ಗಳಿಗೆ ‘ನರ್ಸ್ ಲೈಸೆನ್ಶರ್ ಕಾಂಪ್ಯಾಕ್ಟ್’ ಎಂಬ ರಾಜ್ಯಗಳ ಒಪ್ಪಂದವಿದೆ. ಈಗಿನ ಪರಿಷ್ಕೃತ ರೂಪದಲ್ಲಿ ಅದು 2018ರ ಜನವರಿಯಿಂದ ಜಾರಿಯಲ್ಲಿದ್ದು, 40ಕ್ಕೂ ಹೆಚ್ಚು ರಾಜ್ಯ ಮತ್ತು ಪ್ರಾಂತಗಳು ಅದರಲ್ಲಿವೆ. ದೊಡ್ಡ ಸೇನಾ ನೆಲೆಗಳಿರುವ ಟೆಕ್ಸಾಸ್, ನಾರ್ತ್ ಕ್ಯಾರೊಲಿನಾ, ವರ್ಜೀನಿಯಾ, ಫ್ಲಾರಿಡಾಗಳು ಒಳಗಿವೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಹೊರಗಿವೆ. ಕಾಂಪ್ಯಾಕ್ಟ್ ರಾಜ್ಯವೊಂದರಲ್ಲಿ ಕಾನೂನುಬದ್ಧ ನಿವಾಸವಿದ್ದು ಬಹುರಾಜ್ಯ ಲೈಸೆನ್ಸ್ ಪಡೆದರೆ, ಅದರ ಮೇಲೆ ಉಳಿದ ಸದಸ್ಯ ರಾಜ್ಯಗಳಲ್ಲೂ ಕೆಲಸ ಮಾಡಬಹುದು. ಸೈನಿಕನ ಪತ್ನಿ ಪತಿಯ ಜೊತೆ ಬೇರೆ ರಾಜ್ಯಕ್ಕೆ ಹೋದರೂ ಲೈಸೆನ್ಸ್ ಕೊಟ್ಟ ರಾಜ್ಯವನ್ನೇ ತನ್ನ ನಿವಾಸದ ರಾಜ್ಯವಾಗಿ ಉಳಿಸಿಕೊಳ್ಳಲು ಅವಕಾಶವಿದೆ. ಆದ್ದರಿಂದ ಮೊದಲ ಅರ್ಜಿಯನ್ನು ‘ಎಲ್ಲಿ ಬೇಗ ಆಗುತ್ತದೆ’ ಎಂದು ಮಾತ್ರ ನೋಡಿ ಹಾಕಬೇಡಿ. ಪತಿಯ ಕಾನೂನುಬದ್ಧ ನಿವಾಸ ಯಾವ ರಾಜ್ಯದಲ್ಲಿದೆ, ಅದು ಕಾಂಪ್ಯಾಕ್ಟ್‌ನಲ್ಲಿದೆಯೇ ಎಂದು ಕೇಳಿ ತಿಳಿದುಕೊಂಡು ಹಾಕಿ.

ಇನ್ನು ಕಾಂಪ್ಯಾಕ್ಟ್ ಇಲ್ಲದ ವೃತ್ತಿಗಳ, ಇಲ್ಲದ ರಾಜ್ಯಗಳ ಮಾತು. ಇಲ್ಲಿ ನೆರವಿಗೆ ಬರುವುದು ಸರ್ವಿಸ್‌ಮೆಂಬರ್ಸ್ ಸಿವಿಲ್ ರಿಲೀಫ್ ಆಕ್ಟ್ ಎಂಬ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾನೂನು. 2023ರ ಜನವರಿಯಲ್ಲಿ ಅದಕ್ಕೆ ಸೇರಿದ ಹೊಸ ವಿಧಿಯ ಪ್ರಕಾರ, ಸೇನೆಯ ವರ್ಗಾವಣೆ ಆದೇಶದಿಂದಾಗಿ ರಾಜ್ಯ ಬದಲಿಸುವ ಸೈನಿಕರ ಮತ್ತು ಅವರ ಸಂಗಾತಿಗಳ ಲೈಸೆನ್ಸನ್ನು ಹೊಸ ರಾಜ್ಯ ಮಾನ್ಯ ಮಾಡಲೇಬೇಕು. 2024ರ ಡಿಸೆಂಬರ್‌ನಲ್ಲಿ ಈ ವಿಧಿಯನ್ನು ತಿದ್ದಿ ಇನ್ನಷ್ಟು ಸ್ಪಷ್ಟಗೊಳಿಸಲಾಯಿತು. ನೀವು ಕೊಡಬೇಕಾದುದು ವರ್ಗಾವಣೆ ಆದೇಶದ ಪ್ರತಿ, ಮದುವೆಯ ಪ್ರಮಾಣಪತ್ರದ ಪ್ರತಿ, ಮತ್ತು ಲೈಸೆನ್ಸ್ ಪಡೆದ ರಾಜ್ಯಗಳಲ್ಲೆಲ್ಲ ನಿಮ್ಮ ದಾಖಲೆ ಶುದ್ಧವಾಗಿದೆ, ಹೊಸ ರಾಜ್ಯದ ನಿಯಮಗಳನ್ನು ಓದಿ ತಿಳಿದಿದ್ದೀರಿ ಎಂದು ಹೇಳುವ ನೋಟರಿ ಅಫಿಡವಿಟ್. 2023ರ ಮೂಲ ರೂಪದಲ್ಲಿ ಈ ವಿಧಿ ವಕೀಲಿ ವೃತ್ತಿಗೆ ಅನ್ವಯಿಸುತ್ತಿರಲಿಲ್ಲ; 2024ರ ತಿದ್ದುಪಡಿ ಆ ನಿರ್ಬಂಧವನ್ನು ತೆಗೆದುಹಾಕಿತು. ಟೆಕ್ಸಾಸ್‌ಗೆ ಬಂದ ವಾಯುಪಡೆ ಕುಟುಂಬವೊಂದರ ಶಾಲಾ ಕೌನ್ಸೆಲರ್ ಒಬ್ಬರು ತಮ್ಮ ಹಳೆಯ ಲೈಸೆನ್ಸ್‌ಗೆ ಮಾನ್ಯತೆ ಸಿಗದೆ 2023ರಲ್ಲಿ ಫೆಡರಲ್ ನ್ಯಾಯಾಲಯಕ್ಕೆ ಹೋದಾಗ, ನ್ಯಾಯಾಂಗ ಇಲಾಖೆ ಅವರ ಪರವಾಗಿ ತನ್ನ ನಿಲುವನ್ನು ಸಲ್ಲಿಸಿತು. ನ್ಯಾಯಾಲಯವೂ ಅವರ ಕಡೆಗೇ ಆದೇಶ ಕೊಟ್ಟಿತು. ಇದು ಮಂಡಳಿಯವರು ಮನಸ್ಸು ಮಾಡಿದರೆ ಕೊಡುವ ರಿಯಾಯಿತಿಯಲ್ಲ, ಕೇಳಿ ಪಡೆಯಬಹುದಾದ ಹಕ್ಕು ಎಂಬುದು ಆ ಪ್ರಕರಣದಿಂದ ಎಲ್ಲರಿಗೂ ಗೊತ್ತಾಯಿತು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮಲ್ಲಿ ಶಿಕ್ಷಕರ ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ‘ಪತಿ-ಪತ್ನಿ ಪ್ರಕರಣ’ವೆಂದು ಅರ್ಜಿ ಹಾಕುವಾಗ ಯಾರೂ ಸಂಕೋಚಪಡುವುದಿಲ್ಲ, ಏಕೆಂದರೆ ಅದು ನಿಯಮದಲ್ಲಿದೆ ಎಂದು ಎಲ್ಲರಿಗೂ ಗೊತ್ತಿದೆ. ಅದೇ ಹೆಣ್ಣುಮಗಳು ಇಲ್ಲಿಗೆ ಬಂದರೆ, ಅರ್ಜಿಯಲ್ಲಿ ‘ನೀವು ಸೈನಿಕರ ಸಂಗಾತಿಯೇ?’ ಎಂಬ ಪ್ರಶ್ನೆ ಕಂಡಾಗ, ಪತಿಯ ಹೆಸರು ಹೇಳಿ ಉಪಕಾರ ಬೇಡಿದಂತಾಗುತ್ತದೆಂದು ಆ ಚೌಕವನ್ನು ಖಾಲಿ ಬಿಡುತ್ತಾಳೆ. ಅರ್ಜಿ ಸಾಮಾನ್ಯ ಸಾಲಿಗೆ ಹೋಗಿ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಈ ಫೆಡರಲ್ ವಿಧಿ ಬರುವುದಕ್ಕೆ ಮೊದಲು, ನಾವಿದ್ದ ಒಂದು ರಾಜ್ಯದಲ್ಲಿ, ಫೋನ್ ತೆಗೆದ ಪ್ರತಿಯೊಬ್ಬರೂ ಬೇರೆ ಬೇರೆ ಕಾಗದ ಕೇಳುತ್ತಿದ್ದ ಕಾಲದಲ್ಲಿ, ಆಸ್ಪತ್ರೆಯ ಕೆಲಸ ಸಿದ್ಧವಿದ್ದರೂ ನಾನು ಮನೆಯಲ್ಲಿ ಕೂರಬೇಕಾಯಿತು. ಕಲಿತ ಕೈ ಸುಮ್ಮನಿದ್ದರೆ ಆಗುವ ಸಂಕಟ ಸಂಬಳದ ನಷ್ಟಕ್ಕಿಂತ ದೊಡ್ಡದು. ರಕ್ಷಣಾ ಇಲಾಖೆಯ ಸಮೀಕ್ಷೆಗಳಲ್ಲೇ ಸೈನಿಕ ಸಂಗಾತಿಗಳ ನಿರುದ್ಯೋಗ ಶೇ. 20ರ ಆಸುಪಾಸಿನಲ್ಲಿದೆ. ಆದ್ದರಿಂದ ಆ ಚೌಕಕ್ಕೆ ಗುರುತು ಹಾಕಿ. ಮಂಡಳಿ ಒಪ್ಪದಿದ್ದರೆ ಸೇನಾ ನೆಲೆಯ ಕಾನೂನು ನೆರವು ಕಚೇರಿಗೆ ಹೋಗಿ. ಅಲ್ಲಿ ಹಣ ಕೇಳುವುದಿಲ್ಲ.

ಹಣದ ವಿಷಯ ಚಿಕ್ಕದು. ವರ್ಗಾವಣೆಯಾದಾಗ ಹೊಸ ರಾಜ್ಯದ ಲೈಸೆನ್ಸ್‌ಗೆ ಮಾಡಿದ ಖರ್ಚಿನಲ್ಲಿ 1,000 ಡಾಲರ್‌ವರೆಗೆ ಸೇನೆ ಮರಳಿ ಕೊಡುತ್ತದೆ, ರಸೀದಿಗಳನ್ನು ಇಟ್ಟುಕೊಳ್ಳಿ. ಕೆಳ ಮತ್ತು ಮಧ್ಯಮ ಶ್ರೇಣಿಯವರ ಸಂಗಾತಿಗಳಿಗೆ ಮೈಕಾ ಎಂಬ ಯೋಜನೆಯಲ್ಲಿ ಓದಿಗೆ, ಪರೀಕ್ಷೆಗೆ 4,000 ಡಾಲರ್‌ವರೆಗೆ ನೆರವಿದೆ.

ಸೈನ್ಯದಲ್ಲಿ ತಾವೇ ದುಡಿದ ನಮ್ಮ ಹುಡುಗರು ಮತ್ತು ಹುಡುಗಿಯರು ಕೂಡ ಈ ಹಕ್ಕುಗಳನ್ನು ಬಿಟ್ಟುಬಿಡುತ್ತಾರೆ. ಸೇನೆಯಲ್ಲಿ ಭಾರಿ ವಾಹನ ಓಡಿಸಿದವರಿಗೆ ವಾಣಿಜ್ಯ ಚಾಲನಾ ಲೈಸೆನ್ಸ್‌ನ ರಸ್ತೆ ಪರೀಕ್ಷೆಯಿಂದ ವಿನಾಯಿತಿ ಸಿಗುತ್ತದೆ, ಆದರೆ ಸೇವೆ ಬಿಟ್ಟು ಒಂದು ವರ್ಷದೊಳಗೆ ಕೇಳಬೇಕು. ಮೆಡಿಕ್, ಅಂದರೆ ಸೇನೆಯ ವೈದ್ಯಕೀಯ ಸಹಾಯಕ, ಆಗಿದ್ದವರ ತರಬೇತಿಯನ್ನು ಹಲವು ರಾಜ್ಯಗಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ; ಅದಕ್ಕೆ ಸೇನೆಯ ತರಬೇತಿಯನ್ನು ದಾಖಲಿಸುವ ಜಾಯಿಂಟ್ ಸರ್ವಿಸಸ್ ಟ್ರಾನ್ಸ್‌ಕ್ರಿಪ್ಟ್ ಮತ್ತು ಸೇವೆಯಿಂದ ಬಿಡುಗಡೆಯಾದ ಪತ್ರವಾದ ಡಿಡಿ-214 ಬೇಕು. ಲೈಸೆನ್ಸ್ ಪರೀಕ್ಷೆಯ ಶುಲ್ಕವನ್ನು, ಒಂದೊಂದಕ್ಕೆ 2,000 ಡಾಲರ್‌ವರೆಗೆ, ಸೈನ್ಯದಲ್ಲಿ ದುಡಿದವರ ಓದಿಗೆ ನೆರವಾಗುವ ಜಿಐ ಬಿಲ್ ಯೋಜನೆ ಭರಿಸುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ನನ್ನ ಮನಸ್ಸಿನಲ್ಲಿರುವುದು ಲೈಸೆನ್ಸ್ ಸಾಯಗೊಡುವ ವಿಷಯ. ಕಾನೂನು ಹೊಸ ರಾಜ್ಯಕ್ಕೆ ಒಯ್ಯುವುದು ಜೀವಂತ ಲೈಸೆನ್ಸನ್ನು ಮಾತ್ರ. ಮಗು ಹುಟ್ಟುತ್ತದೆ, ಪತಿ ಒಂಬತ್ತು ತಿಂಗಳಿಗೆ ಹೊರದೇಶಕ್ಕೆ ಹೋಗುತ್ತಾರೆ, ಬಾಣಂತನಕ್ಕೆ ಬಂದ ಅಮ್ಮ ವೀಸಾ ಅವಧಿ ಮುಗಿದು ಊರಿಗೆ ಮರಳುತ್ತಾರೆ. ಆಗ ನವೀಕರಣದ ನೋಟಿಸ್ ಯಾವುದೋ ಹಳೆಯ ವಿಳಾಸಕ್ಕೆ ಹೋಗಿ ಬಿದ್ದಿರುತ್ತದೆ. ಊರಿನಲ್ಲಿ ಆಗಿದ್ದರೆ ಮಗುವನ್ನು ನೋಡಿಕೊಳ್ಳಲು ಅತ್ತೆಯೋ ಚಿಕ್ಕಮ್ಮನೋ ಇರುತ್ತಿದ್ದರು. ಇಲ್ಲಿ ಸೇನಾ ನೆಲೆಗಳು ಹೆಚ್ಚಾಗಿ ಕನ್ನಡ ಕೂಟಗಳಿರುವ ದೊಡ್ಡ ನಗರಗಳಿಂದ ದೂರ. ನಮ್ಮ ಮಕ್ಕಳು ಕನ್ನಡ ಕಲಿ ತರಗತಿಯನ್ನು ಒಂದು ಊರಿನಲ್ಲಿ ಆರಂಭಿಸಿ, ಒತ್ತಕ್ಷರಕ್ಕೆ ಬರುವಷ್ಟರಲ್ಲಿ ಮುಂದಿನ ಊರಿಗೆ ಹೊರಟುಬಿಡುತ್ತಿದ್ದರು. ಶಾಲೆಯ ಮಟ್ಟಿಗೆ ಸೈನಿಕ ಮಕ್ಕಳ ನೆರವಿಗೆ ಐವತ್ತೂ ರಾಜ್ಯಗಳ ಒಪ್ಪಂದವೊಂದಿದೆ, ಅವರ ಅಂಕಪಟ್ಟಿ ಅವರ ಹಿಂದೆಯೇ ಬರುತ್ತದೆ. ಕನ್ನಡಕ್ಕೆ ಅಂಥ ಒಪ್ಪಂದವಿಲ್ಲ. ಅದನ್ನು ನಾವು ಅಡುಗೆಮನೆಯಲ್ಲಿ, ಕಾರಿನಲ್ಲಿ ಮಾತಾಡಿಯೇ ಉಳಿಸಬೇಕಾಯಿತು, ಪೂರ್ತಿ ಉಳಿಯಲೂ ಇಲ್ಲ. ಓದಲು ಬಾರದೆ, ಅರ್ಥ ಮಾತ್ರ ಆಗುವ ಕನ್ನಡ ನನ್ನ ಮಕ್ಕಳದು. ಈ ನಷ್ಟದ ಜೊತೆಗೆ ತಾಯಿಯ ವೃತ್ತಿಯೂ ಹೋಗಬೇಕಾಗಿಲ್ಲ. ಕೆಲಸ ಮಾಡಲಾಗದ ವರ್ಷದಲ್ಲೂ ನವೀಕರಣದ ಶುಲ್ಕ ಕಟ್ಟಿ, ಮುಂದುವರಿಕೆ ಶಿಕ್ಷಣದ ಗಂಟೆಗಳನ್ನು ರಾತ್ರಿ ಮಗು ಮಲಗಿದ ಮೇಲೆ ಆನ್‌ಲೈನ್‌ನಲ್ಲಿ ಮುಗಿಸಿ, ಮಂಡಳಿಯಲ್ಲಿ ಇಮೇಲ್ ವಿಳಾಸವನ್ನು ಸರಿಯಾಗಿ ಇಟ್ಟುಕೊಳ್ಳಿ. ವಾರಕ್ಕೊಂದು ಪಾಳಿಯಾದರೂ ಸಾಧ್ಯವಾದರೆ ಬಿಡಬೇಡಿ.

ಕೊನೆಯದಾಗಿ, ಈ ರಕ್ಷಣೆಯೆಲ್ಲ ವರ್ಗಾವಣೆ ಆದೇಶಕ್ಕೆ ಕಟ್ಟಿಕೊಂಡಿದೆ ಎಂಬುದನ್ನು ಪತಿಯ ಸೇವೆಯ ಕೊನೆಯ ವರ್ಷದಲ್ಲಿ ನೆನಪಿಡಿ. ನಿವೃತ್ತಿಯ ನಂತರ ಎಲ್ಲಿ ನೆಲೆಸುವುದೆಂದು ತೀರ್ಮಾನಿಸಿದ ಕೂಡಲೇ, ಸೇನೆಯ ಗುರುತಿನ ಚೀಟಿ ಬದಲಾಗುವ ಮೊದಲೇ, ಆ ರಾಜ್ಯದ ಸ್ವಂತ ಲೈಸೆನ್ಸ್‌ಗೆ ಅರ್ಜಿ ಹಾಕಿ.