ಲಾರಿ ಚಾಲಕರಾಗಬೇಕೆ? ಮೊದಲು ಹಿಂದಕ್ಕೆ ಹೋಗಲು ಕಲಿಯಿರಿ

ಕಾರು ಓಡಿಸಲು ಬಂದರೆ ಲಾರಿಯೂ ಬಂದ ಹಾಗೆಯೇ ಎಂದುಕೊಂಡು ಬರುವವರೇ ಹೆಚ್ಚು. ಮೊದಲ ದಿನ ಮುಂದಕ್ಕೆ ಚೆನ್ನಾಗಿಯೇ ಓಡಿಸುತ್ತಾರೆ. ಮಾರನೇ ದಿನ ‘ರಿವರ್ಸ್ ತೆಗೀರಿ’ ಅಂದಾಗ ಬೆವರು ಇಳಿಯುತ್ತದೆ. ನಾನು ಕಂಡ ಹಾಗೆ ಪರೀಕ್ಷೆಯಲ್ಲಿ ಎಡವುವುದೂ, ಕೆಲಸಕ್ಕೆ ಸೇರಿದ ಮೇಲೆ ಗೋಡೆಗೆ ಗುದ್ದುವುದೂ ಅಲ್ಲೇ. ಉಳಿದದ್ದನ್ನು ಬೇಗ ಮುಗಿಸಿ ಅಲ್ಲಿಗೆ ಬರುತ್ತೇನೆ.

1. ಕಾಗದಪತ್ರ: ಲಘು ವಾಹನದ ಲೈಸೆನ್ಸ್, ವೈದ್ಯಕೀಯ ತಪಾಸಣೆ, ಕಲಿಕಾ ಪರವಾನಗಿ, ತರಬೇತಿ, ಪರೀಕ್ಷೆ. ಬಹಳ ಕಡೆ ಇದೇ ಕ್ರಮ. ವಯಸ್ಸು, ತೂಕದ ಲೆಕ್ಕ ಮಾತ್ರ ದೇಶಕ್ಕೊಂದು ಥರ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದಲ್ಲಿ 3,500 ಕೆ.ಜಿ. ಮೀರಿದ ಸರಕು ವಾಹನ ‘ಸಿ’ ವರ್ಗ. ಭಾರಿ ಟ್ರೈಲರ್ ಕಟ್ಟಿದರೆ ಬೇರೆಯೇ ವರ್ಗ. ಕಣ್ಣಿನ ತಪಾಸಣೆಯನ್ನು ಬರೀ ಸಹಿಗಾಗಿ ಮಾಡಿಸಬೇಡಿ.

2. ಡ್ರೈವಿಂಗ್ ಶಾಲೆ: ಎರಡೇ ಪ್ರಶ್ನೆ ಕೇಳಿ. ಸ್ಟೇರಿಂಗ್ ನನ್ನ ಕೈಯಲ್ಲಿ ಎಷ್ಟು ಗಂಟೆ ಇರುತ್ತದೆ? ಲೋಡ್ ಇರುವ ಗಾಡಿ ಕೊಡುತ್ತೀರಾ? ‘ಒಂದೇ ವಾರದಲ್ಲಿ ಲೈಸೆನ್ಸ್ ಗ್ಯಾರಂಟಿ’ ಎನ್ನುವವರ ಕಡೆ ತಲೆ ಹಾಕಬೇಡಿ.

3. ಹೊರಡುವ ಮುನ್ನ: ಗಾಡಿಗೆ ಒಂದು ಸುತ್ತು ಬನ್ನಿ. ಟೈರು, ದೀಪ, ಹಗ್ಗ, ಸೋರಿಕೆ ನೋಡಿ. ಎಂಜಿನ್ ಚಾಲೂ ಮಾಡಿದ ಮೇಲೆ ಏರ್ ಬ್ರೇಕಿನ (ಗಾಳಿಯ ಒತ್ತಡದಿಂದ ಕೆಲಸ ಮಾಡುವ ಬ್ರೇಕ್) ಟ್ಯಾಂಕ್ ತುಂಬುವವರೆಗೆ ಕಾಯಿರಿ. ಬಜರ್ ಹೊಡೆದುಕೊಳ್ಳುತ್ತಿದ್ದರೆ ಗಾಳಿ ಸಾಲದು ಎಂದರ್ಥ. ಅದರ ವೈರ್ ಕಿತ್ತು ‘ಸದ್ದು ನಿಲ್ಲಿಸಿದ’ ಜಾಣರನ್ನೂ ನೋಡಿದ್ದೇನೆ.

4. ರಿವರ್ಸ್: ಟ್ರೈಲರ್ ಇಲ್ಲದ ಲಾರಿ ಹೆಚ್ಚುಕಮ್ಮಿ ಕಾರಿನಂತೆಯೇ. ಟ್ರೈಲರ್ ಮಾತ್ರ ತಲೆಕೆಳಗು: ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಹಿಂಬದಿ ಬಲಕ್ಕೆ ಹೋಗುತ್ತದೆ. ಎಡ ಬಲ ಬಾಯಿಪಾಠ ಮಾಡಲು ಹೋಗಬೇಡಿ, ಗಾಬರಿಯಲ್ಲಿ ಮರೆತೇ ಮರೆಯುತ್ತೀರಿ. ಸ್ಟೇರಿಂಗ್‌ನ ಕೆಳತುದಿಯನ್ನು ಹಿಡಿಯಿರಿ. ಈಗ ಕೈ ಯಾವ ಕಡೆ ಸರಿಯುತ್ತದೋ ಟ್ರೈಲರ್‌ನ ಬಾಲವೂ ಆ ಕಡೆಗೇ ಸರಿಯುತ್ತದೆ.

ನೇರ ಹಿಂದಕ್ಕೆ ಬರುವಾಗ ಯಾವ ಕನ್ನಡಿಯಲ್ಲಿ ಟ್ರೈಲರ್ ಜಾಸ್ತಿ ಕಾಣತೊಡಗುತ್ತದೋ ಆ ಕಡೆಗೆ ಸ್ಟೇರಿಂಗ್ ಸ್ವಲ್ಪವೇ ತಿರುಗಿಸಿ, ಟ್ರೈಲರ್ ನೆಟ್ಟಗಾಗುವ ಮುಂಚೆಯೇ ಸ್ಟೇರಿಂಗ್ ವಾಪಸ್ ತನ್ನಿ. ಆಕ್ಸಿಲರೇಟರ್ ಮುಟ್ಟಬೇಡಿ, ಗಾಡಿ ತಾನಾಗಿ ತೆವಳುವ ವೇಗವೇ ಸಾಕು.

ಮೂಲೆಗೆ ತಿರುಗಿಸುವಾಗ ಎಲ್ಲರೂ ಮಾಡುವ ತಪ್ಪು ಒಂದೇ. ಟ್ರೈಲರ್ ಬಾಗಿದ ಮೇಲೂ ಸ್ಟೇರಿಂಗನ್ನು ಹಾಗೇ ಹಿಡಿದಿರುತ್ತಾರೆ. ಆಗ ಕ್ಯಾಬಿನ್ನೂ ಟ್ರೈಲರೂ ಚಾಕುವಿನ ಹಾಗೆ ಮಡಚಿಕೊಳ್ಳುತ್ತವೆ. ನಾನು ಕಲಿಯುವಾಗ ಹೀಗೇ ಮಡಚಿ ಗಾಳಿಯ ಪೈಪೊಂದು ‘ಟಪ್’ ಅಂತ ಕಿತ್ತುಬಂದಿತ್ತು. ಬಾಲ ಬಾಗಲು ಶುರುವಾದ ಕೂಡಲೇ ಸ್ಟೇರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿ, ಕ್ಯಾಬಿನ್ ಅದರ ಹಿಂದೆಯೇ ಹೋಗಲಿ. ಕೋನ ಕೈಮೀರಿತು ಅನಿಸಿದರೆ ಮುಂದಕ್ಕೆ ಎಳೆದು ಮತ್ತೆ ಶುರು ಮಾಡಿ. ಅದರಲ್ಲಿ ಅವಮಾನ ಏನಿಲ್ಲ.

ಹಿಂದಕ್ಕೆ ತೆಗೆಯುವಾಗ ಟ್ರೈಲರ್ ಚಾಲಕನ ಬದಿಗೇ ತಿರುಗಿ ಜಾಗದೊಳಗೆ ಹೋಗುವಂತೆ ಮೊದಲೇ ಗಾಡಿ ನಿಲ್ಲಿಸಿಕೊಳ್ಳಿ. ಕಿಟಕಿಯಿಂದ ತಲೆ ಹಾಕಿದರೆ ಹಿಂದಿನ ಮೂಲೆ ಕಾಣಬೇಕು. ಅನುಮಾನ ಬಂದರೆ ಹ್ಯಾಂಡ್‌ಬ್ರೇಕ್ ಹಾಕಿ ಇಳಿದು ನೋಡಿ. ‘ಬರಲಿ, ಬರಲಿ’ ಎನ್ನುವವನು ಕನ್ನಡಿಯಿಂದ ಮರೆಯಾದರೆ ತಕ್ಷಣ ನಿಲ್ಲಿಸಿ. ಅಗ್ಗದ ಕ್ಯಾಮೆರಾ ನಂಬಬೇಡಿ, ಒಂದು ಹನಿ ಕೂತರೆ ಪರದೆಯೆಲ್ಲ ಮಬ್ಬು.

5. ಇಳಿಜಾರು: ಇಳಿಯಲು ಶುರು ಮಾಡುವ ಮುಂಚೆಯೇ ಕೆಳಗಿನ ಗೇರಿಗೆ ಬನ್ನಿ, ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆಯನ್ನು ತಡೆದು ಗಾಡಿಯ ವೇಗ ತಗ್ಗಿಸುವ ಬ್ರೇಕ್) ಹಾಕಿ. ಉದ್ದಕ್ಕೂ ಬ್ರೇಕ್ ಪೆಡಲ್ ಒತ್ತಿಕೊಂಡೇ ಇದ್ದರೆ ಚಕ್ರದ ಬ್ರೇಕ್ ಡ್ರಮ್ ಕಾದು ಹಿಡಿತ ಬಿಡುತ್ತದೆ. ನ್ಯೂಟ್ರಲ್‌ಗೆ ಹಾಕಿ ಡೀಸೆಲ್ ಉಳಿಸುತ್ತೇನೆ ಎನ್ನುವವನ ಪಕ್ಕ ನಾನಂತೂ ಕೂರುವುದಿಲ್ಲ.

6. ಲೈಸೆನ್ಸ್ ಬಂದ ಮೇಲೆ: ಕೆಲವು ತಿಂಗಳು ಅನುಭವಿಯೊಬ್ಬರ ಜೊತೆ ಹೋಗಿ; ಲೋಡ್ ಕಟ್ಟುವುದನ್ನು ಅವರ ಕೈ ನೋಡಿಯೇ ಕಲಿಯಬೇಕು. ಯುರೋಪಿನ ಒಕ್ಕೂಟದಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ನಿಮ್ಮಲ್ಲಿ ಅಂಥ ನಿಯಮ ಇರಲಿ ಇಲ್ಲದಿರಲಿ, ಅಷ್ಟು ಹೊತ್ತಿಗೆ ಗಾಡಿ ಬದಿಗೆ ಹಾಕಿ. 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡು ರೆಪ್ಪೆ ಮುಚ್ಚಿದರೆ ಲಾರಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಕಿಟಕಿ ಇಳಿಸಿ ಹಾಡು ಜೋರು ಮಾಡಿದರೆ ಆ ನಿದ್ದೆ ಹೋಗುವುದಿಲ್ಲ.