ಫೋನ್ ನೀರಿಗೆ ಬಿತ್ತಾ? ಮೊದಲು ಆಫ್ ಮಾಡಿ

ಕುಮಟಾದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಮಳೆಗಾಲದಲ್ಲಿ ನೆನೆದ ಫೋನ್, ಉಳಿದ ದಿನ ಗೋಕರ್ಣದ ಕಡಲಲ್ಲಿ ಮುಳುಗಿದ ಫೋನ್. ಕೆಲಸಕ್ಕೆ ಬರವಿಲ್ಲ.

ನೀರಿಂದ ತೆಗೆದ ತಕ್ಷಣ ಆಫ್ ಮಾಡಿ. ಆಫ್ ಆಗಿಯೇ ಇದ್ದರೆ, ಆನ್ ಆಗುತ್ತಾ ನೋಡೋಣ ಅಂತ ಬಟನ್ ಒತ್ತಬೇಡಿ. ಚಾರ್ಜರ್ ಅಂತೂ ಬೇಡವೇ ಬೇಡ. ಒಳಗೆ ನೀರಿರುವಾಗ ಕರೆಂಟ್ ಹರಿದರೆ ಬೋರ್ಡ್ ಶಾರ್ಟ್ ಆಗುತ್ತದೆ. ಕವರ್, ಸಿಮ್ ಟ್ರೇ ತೆಗೆದು ಒರೆಸಿ. ಚಾರ್ಜಿಂಗ್ ಪೋರ್ಟ್ ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನ್ ಎದುರು ಇಡಿ. ಹೇರ್ ಡ್ರೈಯರ್ ಹಿಡಿಯಬೇಡಿ, ಬಿಸಿಗೆ ಸ್ಕ್ರೀನಿನ ಅಂಟು ಬಿಡಬಹುದು.

ಅಕ್ಕಿ ಡಬ್ಬದಲ್ಲಿ ಇಡಬೇಕಾ? ಆ ಅಕ್ಕಿಯಲ್ಲಿ ಅನ್ನ ಮಾಡಿಕೊಳ್ಳಿ. ಅದರ ಹುಡಿ ಪೋರ್ಟಿಗೆ ಸೇರುತ್ತದೆ ಅಷ್ಟೇ. ಆಪಲ್ ಕಂಪನಿ ಕೂಡ ಬೇಡ ಅನ್ನುತ್ತದೆ.

ಸಮುದ್ರದ ನೀರಾದರೆ ಒಣಗಲಿ ಅಂತ ಕಾಯುತ್ತಾ ಕೂರಬೇಡಿ. ನೀರು ಆರಿದರೂ ಉಪ್ಪು ಉಳಿಯುತ್ತದೆ, ಅದು ಗಾಳಿಯ ತೇವ ಎಳೆದುಕೊಂಡು ತಾಮ್ರವನ್ನು ತಿನ್ನುತ್ತದೆ. ಬಿಚ್ಚಿ ನೋಡಿದರೆ ಕನೆಕ್ಟರ್ ಸುತ್ತ ಹಸಿರು ಪುಡಿ ಕಟ್ಟಿರುತ್ತದೆ. ಅದೇ ದಿನ ರಿಪೇರಿಗೆ ಕೊಡಿ. ನಾವು ಬ್ಯಾಟರಿ ಕನೆಕ್ಷನ್ ಬಿಡಿಸಿ, 99% ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತನೆ ಬ್ರಷ್‌ನಿಂದ ಬೋರ್ಡ್ ತಿಕ್ಕುತ್ತೇವೆ.

"ನೀರು ಮುಟ್ಟೇ ಇಲ್ಲ ಅಣ್ಣಾ" ಅನ್ನುವವರು ಜಾಸ್ತಿ. ಸುಮ್ನೆ ನಿಜ ಹೇಳಿಬಿಡಿ. ಸಿಮ್ ತೂತಿಗೆ ಟಾರ್ಚ್ ಬಿಟ್ಟರೆ ಎಷ್ಟೋ ಫೋನ್‌ಗಳಲ್ಲಿ ಒಂದು ಬಿಳಿ ಚುಕ್ಕೆ ಕಾಣುತ್ತದೆ, ನೀರು ತಾಗಿದರೆ ಅದು ಕೆಂಪಾಗುತ್ತದೆ.

ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ. ಫೋನ್ ಮತ್ತೆ ಆನ್ ಆಯ್ತಾ? ಅವತ್ತೇ ಫೋಟೋ, ನಂಬರ್ ಎಲ್ಲ ಬ್ಯಾಕಪ್ ಮಾಡಿಕೊಳ್ಳಿ.